ವಸ್ತಿ ಬಿಟ್ಟ ಗಾಡಿ

ಅರೆಬರೆ ಸುಟ್ಟ ಡೀಸೆಲ್‌ನ ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ತಾಗುತ್ತದೆ. ಈ ಡಿಸೆಂಬರ್‌ನ ಒಂದು ಮುಂಜಾನೆ ಕೆಲಗೇರಿ ಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದಾಗ ಅದು ತಾಗಿತು. ರಸ್ತೆಯ ಅಂಚಿಗೆ ಒಂದು ಬಾಡಿಗೆ ಗಾಡಿ ಬಿಳಿ ಹೊಗೆ ಬಿಡುತ್ತ ನಡುಗುತ್ತಿತ್ತು. ಚಾಲಕ ಕೆಳಗಿಳಿದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ.

"ಖರೇನ ಹೇಳಾಕತ್ತೇನ್ರಿ ಸರ್. ಎಳೀವಲ್ದ್ರಿ. ಇಲ್ರಿ, ನಾ ಲಗೂನ ಎದ್ದೇನ್ರಿ. ಗಾಡೀನ ಎಳೀವಲ್ದು."

ಗಾಡಿ ಎಳೆಯುತ್ತಿಲ್ಲ ಎಂಬ ಇದೇ ಮಾತನ್ನು ನಾಲ್ಕು ಚಳಿಗಾಲಗಳ ಹಿಂದೆ ನಾನು ದಿನವೂ ಕೇಳುತ್ತಿದ್ದೆ. ಹೇಳುತ್ತಿದ್ದವರು ಫಕ್ಕೀರಪ್ಪ. ಆಗ ನಾನು ಒಂದು ಪತ್ರಿಕೆಯ ಧಾರವಾಡ ಕಚೇರಿಯ ಮುಖ್ಯಸ್ಥೆ. ಸಪ್ತಾಪುರದ ಒಂದು ಬಾಡಿಗೆ ಮನೆಯ ಕೆಳಅಂತಸ್ತು ನಮ್ಮ ಕಚೇರಿ. ಮೇಲಿನ ಅಂತಸ್ತಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೋಣೆಗಳು. ನಮ್ಮಲ್ಲಿ ಮೂವರು ವರದಿಗಾರರು, ಒಬ್ಬ ಫೋಟೋಗ್ರಾಫರ್, ಹಿತ್ತಿಲಿನ ಬಯಲಲ್ಲಿ ನಿಲ್ಲುವ ಒಂದು ಹಳೆಯ ಡೀಸೆಲ್ ಗಾಡಿ, ಮತ್ತು ಅದನ್ನು ಒಂಬತ್ತು ವರ್ಷದಿಂದ ಓಡಿಸುತ್ತಿದ್ದ ಫಕ್ಕೀರಪ್ಪ ಇದ್ದರು. ವಯಸ್ಸು ಐವತ್ತರ ಆಸುಪಾಸು. ಮಾತು ಕಡಿಮೆ. ಮಾತಾಡಿದರೆ ಪೂರ್ಣವಿರಾಮ ಇಟ್ಟಂತೆ ಮಾತಾಡುತ್ತಿದ್ದರು.

ಅವರ ದಿನದ ಮೊದಲ ಕೆಲಸ ಪೇಪರ್ ಬಂಡಲ್‌ಗಳದು. ಹುಬ್ಬಳ್ಳಿಯ ಮುದ್ರಣಾಲಯದ ವ್ಯಾನು ಬೆಳಗಿನ ಜಾವ ನಮ್ಮ ಬಾಗಿಲಿಗೆ ಬಂಡಲ್ ಇಳಿಸಿ ಹೋಗುತ್ತಿತ್ತು. ಅವನ್ನು ಫಕ್ಕೀರಪ್ಪ ಅಳ್ನಾವರ ಕಡೆಯ ಏಜೆಂಟರಿಗೆ ಮುಟ್ಟಿಸಬೇಕು. ಏಜೆಂಟರು ಅಲ್ಲಿಂದ ಒಳಗಿನ ಹಳ್ಳಿಗಳಿಗೆ ಮೊದಲ ಬಸ್ಸಿಗೆ ಪೇಪರ್ ಹಾಕುತ್ತಾರೆ. ಆ ಬಸ್ಸು ತಪ್ಪಿತೆಂದರೆ ಆ ಊರಿಗೆ ಅಂದಿನ ಸುದ್ದಿ ಮಧ್ಯಾಹ್ನಕ್ಕೆ. ಮಧ್ಯಾಹ್ನದ ಸುದ್ದಿಯನ್ನು ಯಾರೂ ಓದುವುದಿಲ್ಲ, ಅದರಲ್ಲಿ ಮಿರ್ಚಿ ಭಜಿ ಕಟ್ಟುತ್ತಾರೆ.

ಆ ವರ್ಷ ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಚಳಿ ಬಂತು. ಧಾರವಾಡದ ಚಳಿ ದೊಡ್ಡ ಮಾತೇನಲ್ಲ. ಹಿಮ ಬೀಳುವುದಿಲ್ಲ, ನೀರು ಗಡ್ಡೆ ಕಟ್ಟುವುದಿಲ್ಲ. ಆದರೆ ಮುಂಜಾನೆ ಗಾಡಿಯ ಗಾಜಿನ ಮೇಲೆ ಇಬ್ಬನಿ ಬಟ್ಟೆ ಹಿಂಡಿದ ಹಾಗೆ ಇಳಿಯುತ್ತದೆ, ಕಿವಿಗೆ ಮಫ್ಲರ್ ಇಲ್ಲದೆ ಯಾರೂ ಹೊರಗೆ ಬರುವುದಿಲ್ಲ. ಆ ವಾರದಿಂದ ಬಂಡಲ್‌ಗಳು ತಡವಾದವು. ಒಂದು ದಿನ ಇಪ್ಪತ್ತು ನಿಮಿಷ, ಇನ್ನೊಂದು ದಿನ ನಲವತ್ತು. ಏಜೆಂಟರು ಹುಬ್ಬಳ್ಳಿಯ ಮುಖ್ಯ ಕಚೇರಿಗೆ ಫೋನ್ ಮಾಡಿದರು. ಅಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದ ದೇಸಾಯರು ನನಗೆ ಫೋನ್ ಮಾಡಿದರು.

"ಗಾಡಿ ಏಳೂದಿಲ್ಲ, ಎಳೆಯೂದಿಲ್ಲ ಅಂತಾರ್ರಿ ಫಕ್ಕೀರಪ್ಪ," ಎಂದೆ.

"ಹಂಗಾದ್ರ ತೋರಸರಿ. ಕಂಪನಿ ಸರ್ವಿಸ್ ಸೆಂಟರ್ ಅದ ಅಲ್ಲ?"

ತೋರಿಸಿದೆವು. ದೂರಿನ ಚೀಟಿಯನ್ನು ನಾನೇ ಬರೆದುಕೊಟ್ಟೆ: ಗಾಡಿ ಸ್ಟಾರ್ಟ್ ಆಗಲು ತೊಂದರೆ, ಏರಿಗೆ ಎಳೆಯುವುದಿಲ್ಲ. ಫಕ್ಕೀರಪ್ಪ ಗಾಡಿ ತೊಳೆದರು, ಒಳಗೆ ಒರೆಸಿದರು, ಹತ್ತು ನಿಮಿಷ ಎಂಜಿನ್ ಓಡಲು ಬಿಟ್ಟು ಹದಕ್ಕೆ ತಂದರು, ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರ್ ಓಡಿಸಿ ಒಪ್ಪಿಸಿದರು. ಅವರ ರಿವಾಜು ಅದು. ತಣ್ಣನೆಯ ಗಾಡಿಯನ್ನು, ಹೊಲಸು ಗಾಡಿಯನ್ನು ಅವರು ಎಂದೂ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಸರ್ವಿಸ್ ಸೆಂಟರ್‌ನವರು ಕಂಪ್ಯೂಟರ್ ಹಚ್ಚಿ ನೋಡಿದರು, ಓಡಿಸಿ ನೋಡಿದರು, ಎಂಜಿನ್ನಿನ ಹೀಟರ್ ಪ್ಲಗ್‌ಗಳನ್ನು ಬದಲಿಸಿದರು. ಕಾಗದ ಕೊಟ್ಟರು: ಪರೀಕ್ಷಿಸಲಾಯಿತು, ದೋಷ ಕಂಡುಬಂದಿಲ್ಲ.

ಮರುದಿನ ಬಂಡಲ್ ತಡ. ಎರಡನೇ ಸಲ ಒಯ್ದರು. ದೋಷ ಕಂಡುಬಂದಿಲ್ಲ. ಮೂರನೇ ಸಲ ಒಯ್ದರು. ಅದೇ ಕಾಗದ, ಅದೇ ಸಾಲು.

"ನೋಡ್ರಿ," ಎಂದರು ದೇಸಾಯರು, "ಗಾಡಿ ಏಳೂದಿಲ್ಲ, ಏಳೂದಿಲ್ಲ ಅಂತಾನ. ಏಳದಾಂವ ಯಾರು ಅನ್ನೂದು ಈಗ ಕಂಪನಿಯವರ ಬರದ ಕೊಟ್ಟಾರ."

ಫಕ್ಕೀರಪ್ಪನಿಗೆ ಒಂದು ಮೆಮೊ ಬಂತು. ವಾರಕ್ಕೆ ಇನ್ನೊಂದು. ಮೂರನೆಯದಕ್ಕೆ ಕೆಲಸ ಹೋಗುತ್ತದೆ ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂರನೆಯದರ ಬದಲು ಹುಬ್ಬಳ್ಳಿಯಿಂದ ಒಂದು ಟೈಪು ಮಾಡಿದ ಹಾಳೆ ಬಂತು. "ನನ್ನ ನಿರ್ಲಕ್ಷ್ಯದಿಂದ ವಿಳಂಬವಾಗಿದೆ. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ." ಕೆಳಗೆ ಸಹಿಗೆ ಜಾಗ. ಸಹಿ ಮಾಡಿದರೆ ಕೆಲಸ ಉಳಿಯುತ್ತದೆ ಎಂದು ದೇಸಾಯರು ಹೇಳಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಅದನ್ನು ಉಪಕಾರ ಎಂದೇ ತಿಳಿದಿದ್ದರು. ನಾನೂ ಹಾಗೇ ತಿಳಿದೆ ಎಂಬುದನ್ನು ಇಲ್ಲಿ ದಾಖಲಿಸಬೇಕು.

"ಸಹಿ ಮಾಡಿಬಿಡ್ರಿ ಫಕ್ಕೀರಪ್ಪ," ಎಂದೆ. "ಒಂದು ಕಾಗದ. ಇಲ್ಲಿಗೆ ಮುಗೀತದ."

ಅವರು ಹಾಳೆಯನ್ನು ನಿಧಾನಕ್ಕೆ ಓದಿದರು. ನಾಲ್ಕು ಮಡಿಕೆ ಮಾಡಿದರು. ನನ್ನ ಮೇಜಿನ ಮೇಲೆ ಇಟ್ಟರು.

"ಅಕ್ಕಾರ, ನಿಮ್ಮ ಪೇಪರ್‌ನ್ಯಾಗ ತಪ್ಪು ಬಂದ್ರ ಮರುದಿನ 'ತಿದ್ದುಪಡಿ' ಅಂತ ಹಾಕ್ತೀರಿ. ಹೌದಲ್ರಿ?"

"ಹೌದು."

"ತಪ್ಪು ಬರದಿದ್ರೂ ಹಾಕ್ತೀರೇನ್ರಿ?"

"ಇಲ್ಲ."

"ಮತ್ತ ನಾ ಹ್ಯಾಂಗ ಹಾಕ್ಲಿ? ಕೆಲಸಾ ತಗೀತಾರಂದ್ರ ತಗೀಲ್ರಿ. ಒಂಬತ್ತು ವರ್ಷ ಗಾಡಿ ಹೊಡದಾಂವ ಫಕ್ಕೀರಪ್ಪ. ಮಲಕೊಂಡಾಂವ ಫಕ್ಕೀರಪ್ಪ ಅಂತ ನನ್ನ ಕೈಲೆ ನಾನ ಬರದ ಕೊಡೂದಿಲ್ಲ." ಬಾಗಿಲ ತನಕ ಹೋಗಿ ತಿರುಗಿದರು. "ನೀವಾರ ಒಂದಿನ ಮುಂಜಾನಿ ಬಂದ ನೋಡ್ರಿ. ಕಣ್ಣಿಲೆ ನೋಡ್ರಿ. ಆಮ್ಯಾಲ ಸಹಿ ಮಾಡಂದ್ರ, ನೀವ ಹೇಳೀರಂತ ವಿಚಾರ ಮಾಡ್ತೇನಿ."

ಸ್ಥಳಕ್ಕೆ ಹೋಗದೆ ವರದಿ ಬರೆಯಬಾರದು ಎಂದು ಕಚೇರಿಗೆ ಬಂದ ಪ್ರತಿ ಹೊಸಬರಿಗೂ ನಾನು ಹೇಳುತ್ತಿದ್ದೆ. ಆ ಗಾಡಿ ನಿಲ್ಲುತ್ತಿದ್ದ ಹಿತ್ತಿಲು ನನ್ನ ಕುರ್ಚಿಯಿಂದ ಇಪ್ಪತ್ತು ಹೆಜ್ಜೆ. ಮೂರು ವಾರದಲ್ಲಿ ಒಂದು ಮುಂಜಾನೆಯೂ ನಾನು ಅಲ್ಲಿಗೆ ಹೋಗಿರಲಿಲ್ಲ.

ಮರುದಿನ ಆರಕ್ಕೆ ಮೊದಲು ಹೋದೆ. ಫಕ್ಕೀರಪ್ಪ ಆಗಲೇ ಬಂಡಲ್ ಏರಿಸಿ ಗಾಜು ಒರೆಸುತ್ತಿದ್ದರು. ಕೀಲಿ ತಿರುಗಿಸಿದರು. ಎಂಜಿನ್ ಗರಗರ ತಿರುಗಿತು, ಹಿಡಿಯಲಿಲ್ಲ. ಬಿಟ್ಟರು, ಮತ್ತೆ ತಿರುಗಿಸಿದರು. ಮೇಲಿನ ಅಂತಸ್ತಿನ ಕಿಟಕಿ ತೆರೆಯಿತು. "ಫಕ್ಕೀರಪ್ಪಣ್ಣಾ, ನಿಮ್ಮ ಗಾಡಿ ಇರೂತನಕ ನಮಗ ಅಲಾರಾಂ ಬ್ಯಾಡ ನೋಡ್ರಿ," ಎಂದು ಯಾರೋ ಕೂಗಿದರು. ಏಳನೇ ಸಲಕ್ಕೆ ಎಂಜಿನ್ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಕುಂಟುತ್ತ ಎದ್ದಿತು. ನನ್ನ ಕಣ್ಣು ಉರಿಯಿತು. ನೋಟ್‌ಬುಕ್ಕಿನಲ್ಲಿ ಸಮಯ ಬರೆದೆ: ಕೀಲಿ ಹಾಕಿದ್ದು 5.52, ಹೊರಟಿದ್ದು 6.10.

ಕೆಲಗೇರಿ ಕೆರೆ ದಾಟಿದ ಮೇಲೆ ಒಂದು ಸಣ್ಣ ಏರು. ಫಕ್ಕೀರಪ್ಪ ಎರಡನೇ ಗೇರಿನಲ್ಲಿ ಕಾಲು ಪೂರ್ತಿ ಒತ್ತಿದ್ದರು. ಗಾಡಿ ಉಬ್ಬಸದವರ ಹಾಗೆ ಒಮ್ಮೆ ಎಳೆಯುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಹಾಲಿನ ಕ್ಯಾನ್ ಕಟ್ಟಿದ ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿತು. ಸೈಕಲ್ಲಿನವ ತಿರುಗಿ ನೋಡಿ, "ದಬ್ಬೂಣೇನಪಾ?" ಎಂದು ಕೇಳಿ ಹೋದ. ಫಕ್ಕೀರಪ್ಪ ನಗಲಿಲ್ಲ. ದಿನವೂ ಕೇಳುತ್ತಿದ್ದನೆಂದು ಕಾಣುತ್ತದೆ.

ಇನ್ನೂ ಆರೇಳು ಕಿಲೋಮೀಟರ್ ಹೋದೆವು. ಬಿಸಿಲು ಬಾನೆಟ್ಟಿನ ಮೇಲೆ ಬಿತ್ತು. ಅಲ್ಲಿಂದ ಮುಂದೆ ಗಾಡಿಗೆ ಏನೂ ಆಗಿಯೇ ಇರಲಿಲ್ಲವೆನ್ನುವ ಹಾಗೆ ಅದು ಓಡಿತು. ಇದಕ್ಕಿಂತ ದೊಡ್ಡ ಏರುಗಳನ್ನು ನಾಲ್ಕನೇ ಗೇರಿನಲ್ಲಿ ಹತ್ತಿತು.

ಅಲ್ಲಿ ಕುಳಿತಾಗ ನನಗೆ ನನ್ನ ತಪ್ಪು ಕಂಡಿತು. ಏನು, ಎಲ್ಲಿ, ಯಾವಾಗ, ಯಾರು, ಯಾಕೆ. ನಮ್ಮ ಕಸುಬಿನ ಮೊದಲ ಪಾಠ. ಸರ್ವಿಸ್ ಸೆಂಟರ್‌ಗೆ ಮೂರು ಸಲ ನಾನು ಬರೆದುಕೊಟ್ಟ ಚೀಟಿಯಲ್ಲಿ 'ಯಾವಾಗ' ಇರಲಿಲ್ಲ. ಅಲ್ಲಿಯವರು ಸುಳ್ಳು ಬರೆದಿರಲಿಲ್ಲ. ಅವರ ಕೈಗೆ ಸಿಕ್ಕ ಗಾಡಿ ಪ್ರತಿ ಸಲವೂ ಇಪ್ಪತ್ತು ಕಿಲೋಮೀಟರ್ ಓಡಿ ಬೆಚ್ಚಗಾದ ಗಾಡಿ. ಅದರಲ್ಲಿ ದೋಷ ಇರಲೇ ಇಲ್ಲ. ಫಕ್ಕೀರಪ್ಪ ತಮ್ಮ ಮರ್ಯಾದೆಗಾಗಿ ಗಾಡಿಯನ್ನು ಹದಕ್ಕೆ ತಂದು ಒಪ್ಪಿಸುತ್ತಿದ್ದರು, ತಮ್ಮ ಪರವಾದ ಒಂದೇ ಸಾಕ್ಷಿಯನ್ನು ತಾವೇ ಅಳಿಸುತ್ತಿದ್ದರು.

"ಮೌಲಾಸಾಬ ಹೇಳಿದ್ದಾ," ಎಂದರು ಫಕ್ಕೀರಪ್ಪ, ನಾನು ಇದನ್ನು ಹೇಳಿದಾಗ. "ಅಮರಗೋಳದ ಮಿಸ್ತ್ರಿ. ಬಿಸಿ ಗಾಡಿ ನನ್ನ ಕಡೆ ತರಬ್ಯಾಡ ಅಂತಿದ್ದಾ. ಚ್ಯಾಷ್ಟಿ ಮಾಡತಾನ ಅಂತ ಬಿಟ್ಟಿದ್ನಿ."

ಅದೇ ದಿನ ಮಧ್ಯಾಹ್ನ ಹುಬ್ಬಳ್ಳಿ ಹಾದಿಯ ಅಮರಗೋಳಕ್ಕೆ ಹೋದೆವು. ಕೃಷಿ ಮಾರುಕಟ್ಟೆಯ ಹಿಂದಿನ ಗೋಡೆಗೆ ಹೊಂದಿಕೊಂಡು ಮೌಲಾಸಾಬರ ಗ್ಯಾರೇಜು. ತಗಡಿನ ಚಪ್ಪರ, ಎರಡು ಲಾರಿ ನಿಲ್ಲುವಷ್ಟು ಬಯಲು. ಒಣಮೆಣಸಿನಕಾಯಿ ಬರುವ ಕಾಲ, ಗಾಳಿಯಲ್ಲೇ ಘಾಟು. ನಾನು ಸೀನುತ್ತಲೇ ಗಾಡಿಯಿಂದ ಇಳಿದೆ. ಮೌಲಾಸಾಬರು ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಕೈ ಒರೆಸಿಕೊಂಡು ಬಂದು ಬಾನೆಟ್ಟಿನ ಮೇಲೆ ಅಂಗೈಯ ಹಿಂಭಾಗ ಇಟ್ಟರು, ಜ್ವರ ನೋಡುವವರ ಹಾಗೆ. ಕೂಡಲೇ ತೆಗೆದರು.

"ಏನೋ ಫಕ್ಕೀರ್ಯಾ, ಜಳಕಾ ಮಾಡಿಸಿ, ಪೌಡರ್ ಹಚ್ಚಿ ತಂದೀಯಲ್ಲೋ. ಕನ್ಯಾ ತೋರಸಾಕ ಬಂದೀಯೇನು?"

"ನೋಡ ಮಾರಾಯಾ, ನನ್ನ ಕೆಲಸಾ ಹೋಗಾಕತ್ತೈತಿ."

"ನಾ ನೋಡೂದಿಲ್ಲ." ನನ್ನ ಕಡೆ ತಿರುಗಿದರು. "ಅಕ್ಕಾರ, ಜ್ವರ ಇಳದ ಮ್ಯಾಲ ಡಾಕ್ಟರ್ ಕಡೆ ಹೋದ್ರ ಏನಂತಾನ್ರಿ? ಛಲೋ ಅದೀರಿ, ಮನಿಗೆ ಹೋಗ್ರಿ ಅಂತಾನ. ಜ್ವರ ಇದ್ದಾಗ ಹೋಗಬೇಕು. ಈ ಗಾಡಿಗೆ ಥಂಡಿ ಇದ್ದಾಗ ಜ್ವರ. ಇವತ್ತ ವಸ್ತಿ ಬಿಟ್ಟ ಹೋಗ್ರಿ."

ವಸ್ತಿ ಎಂದರೆ ನಮ್ಮ ಕಡೆ ರಾತ್ರಿಯ ತಂಗು. ಕೊನೆಯ ಊರಿಗೆ ಸಂಜೆ ಹೋಗಿ, ಅಲ್ಲೇ ಉಳಿದು, ಮುಂಜಾನೆ ಮೊದಲ ಪ್ರಯಾಣಿಕರನ್ನು ಹತ್ತಿಸಿಕೊಂಡು ಬರುವ ಬಸ್ಸಿಗೆ ವಸ್ತಿ ಬಸ್ ಎನ್ನುತ್ತೇವೆ. ಬಸ್ಸಿಗೆ ಇರುವ ಆ ಶಬ್ದವನ್ನು ಮೌಲಾಸಾಬರು ತಮ್ಮ ಕಸುಬಿಗೆ ತಂದುಕೊಂಡಿದ್ದರು. ಚಳಿಯಲ್ಲಿ ಕೆಡುವ ಗಾಡಿ ಅವರ ಬಯಲಿನಲ್ಲಿ ವಸ್ತಿ ಇರಬೇಕು. ಮುಂಜಾನೆ ಅವರು ಬರುವ ತನಕ ಯಾರೂ ಕೀಲಿ ಮುಟ್ಟಕೂಡದು. ನನಗೆ ಅದು ಪರಿಚಿತ ನಿಯಮ ಎನಿಸಿತು. ಘಟನೆ ನಡೆದ ಜಾಗವನ್ನು ಯಾರೂ ಗುಡಿಸುವ ಮೊದಲು ನೋಡಬೇಕು, ಅಷ್ಟೇ.

"ಧಾರವಾಡದಷ್ಟು ಥಂಡಿ ಇಲ್ಲೆ ಬೀಳೂದಿಲ್ಲ," ಎಂದು ಗೊಣಗುತ್ತ ಗಾಡಿಯನ್ನು ಚಪ್ಪರದ ಹೊರಗೆ, ಗಾಳಿ ನೇರವಾಗಿ ಬಡಿಯುವ ಮೂಲೆಗೆ ನಿಲ್ಲಿಸಿದರು. ಮುದ್ರಣಾಲಯದ ವ್ಯಾನಿನವನನ್ನು ಬೇಡಿಕೊಂಡು ಮರುದಿನದ ಬಂಡಲ್‌ಗಳನ್ನು ಅವನೇ ಮುಟ್ಟಿಸುವ ಹಾಗೆ ಮಾಡಿದೆವು.

ಮರುದಿನ ಫಕ್ಕೀರಪ್ಪ ಮತ್ತು ನಾನು ಮೊದಲ ಬಸ್ಸಿಗೆ ಅಮರಗೋಳಕ್ಕೆ ಹೋಗಿ ಇಳಿದಾಗ ಆರೂವರೆ. ಗಾಜಿನ ಮೇಲೆ ಇಬ್ಬನಿ ಇತ್ತು. ಫಕ್ಕೀರಪ್ಪನ ಕೈ ಅಭ್ಯಾಸದಿಂದ ಜೇಬಿನ ಬಟ್ಟೆಗೆ ಹೋಯಿತು.

"ಒರಸಬ್ಯಾಡ!" ಎಂದು ಮೌಲಾಸಾಬರು ಕೂಗಿದರು. "ಏನೂ ಮುಟ್ಟಬ್ಯಾಡ. ನಿನ್ನ ಸ್ವಚ್ಛತಾ ನಿನಗ ಕುತ್ತಿಗಿಗೆ ಬಂದೈತಿ."

ಅವರ ಕೆಲಸದಲ್ಲಿ ಅವಸರ ಇರಲಿಲ್ಲ. ಒಂದು ಅನುಮಾನ, ಒಂದು ಪರೀಕ್ಷೆ, ಒಂದು ಉತ್ತರ. ಉತ್ತರ ಸಿಗದೆ ಮುಂದಿನದಕ್ಕೆ ಕೈ ಹಾಕುತ್ತಿರಲಿಲ್ಲ. ಮೊದಲು ಬ್ಯಾಟರಿ. ಮುಂದಿನ ದೀಪ ಹಚ್ಚಿ ಫಕ್ಕೀರಪ್ಪನಿಗೆ ಕೀಲಿ ತಿರುಗಿಸಲು ಹೇಳಿದರು. ದೀಪ ಸ್ವಲ್ಪ ಮಂಕಾಯಿತು, ಆರಲಿಲ್ಲ, ಎಂಜಿನ್ ಜೋರಾಗಿಯೇ ತಿರುಗಿತು. "ಬ್ಯಾಟ್ರಿ ಬೇಗುನಾ," ಎಂದರು, ನಿರಪರಾಧಿ ಎಂದು. ಆಮೇಲೆ ಎಂಜಿನ್ನಿನ ಒಳಗನ್ನು ಚಳಿಯಲ್ಲಿ ಬೆಚ್ಚಗೆ ಮಾಡುವ ಹೀಟರ್ ಪ್ಲಗ್‌ಗಳು. ಒಂದೊಂದಕ್ಕೂ ತಂತಿ ಕಟ್ಟಿದ ಸಣ್ಣ ಬಲ್ಬು ಹಚ್ಚಿ ನೋಡಿದರು. ನಾಲ್ಕೂ ಬೆಳಗಿದವು. "ಇವೂ ಬೇಗುನಾ. ಹೊಸಾವು ಹಾಕ್ಯಾರ, ಪಾಪ."

ಮೂರನೆಯದಕ್ಕೆ ನನ್ನನ್ನು ಕರೆದು ಸೈಲೆನ್ಸರ್‌ನ ಹಿಂದೆ ನಿಲ್ಲಿಸಿದರು.

"ಹೊಗಿ ಬಂತೇನ್ರಿ?"

ಎಂಜಿನ್ ತಿರುಗುತ್ತಲೇ ಇತ್ತು. "ಇಲ್ಲ."

"ಬಿಳೇದು? ಕರೇದು?"

"ಯಾವುದೂ ಇಲ್ಲ."

"ಬರಕೋರಿ. ಹೊಗಿ ಇಲ್ಲ ಅಂದ್ರ ಒಳಗ ಡೀಸೆಲ್ ಬಂದಿಲ್ಲ. ಒಲಿಗೆ ಕಟ್ಟಿಗೀನ ಇಡದ ಊದಾಕತ್ತೇವಿ."

ಡೀಸೆಲ್ ಸೋಸುವ ಫಿಲ್ಟರಿನ ಮೇಲೆ ಕೈಯಿಂದ ಒತ್ತುವ ಒಂದು ಸಣ್ಣ ಪಂಪು ಇರುತ್ತದೆ. ಅದನ್ನು ಒತ್ತಿ ನೋಡಿದರು. ಡೀಸೆಲ್ ತುಂಬಿದ್ದರೆ ಎರಡು ಒತ್ತಿಗೆ ಗಟ್ಟಿಯಾಗಬೇಕಂತೆ. ಹದಿನೆಂಟು ಸಲ ಮೆತ್ತಗೇ ಒತ್ತಿಕೊಂಡಿತು. ಮೌಲಾಸಾಬರ ಮುಖದಲ್ಲಿ ಆಗ ಮೊದಲ ಸಲ ಆಸಕ್ತಿ ಕಂಡಿತು. ಒಳಗಿನಿಂದ ಗೇಣುದ್ದದ ಪಾರದರ್ಶಕ ಪೈಪು ತಂದು, ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯ ನಡುವೆ ಕೂಡಿಸಿದರು. ಈಗ ಹೋಗುವ ಡೀಸೆಲ್ ಕಣ್ಣಿಗೆ ಕಾಣುತ್ತದೆ.

ಎಂಜಿನ್ ಕುಂಟುತ್ತ ಎದ್ದಾಗ ಮೂವರೂ ಬಾನೆಟ್ಟಿನ ಮೇಲೆ ಬಗ್ಗಿದೆವು. ಪೈಪಿನೊಳಗೆ ಹಳದಿ ಡೀಸೆಲ್, ಅದರೊಳಗೆ ಸಾಲುಸಾಲಾಗಿ ಗುಳ್ಳೆಗಳು.

"ಗಾಳಿ!" ಎಂದರು ಮೌಲಾಸಾಬರು. "ಗಾಳಿ ಕುಡ್ಯಾಕತ್ತೈತಿ ಇದು. ರಾತ್ರಿ ಎಲ್ಲಾ ಡೀಸೆಲ್ ಹಿಂದಕ್ಕ ಟ್ಯಾಂಕಿಗೆ ಇಳೀತೈತಿ, ಮುಂಜಾನಿ ಖಾಲಿ ಪೈಪು."

ಗಾಳಿ ಎಲ್ಲಿಂದ ಒಳಗೆ ಹೋಗುತ್ತಿದೆ ಎಂಬುದು ಉಳಿದ ಪ್ರಶ್ನೆ. ಒಂದೊಂದು ಜೋಡಣೆಗೂ ಗ್ರೀಸ್ ಮೆತ್ತುತ್ತ ಹೋದರು. ಮೊದಲನೆಯದಕ್ಕೆ ಗುಳ್ಳೆ ನಿಲ್ಲಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದು ಫಿಲ್ಟರಿಗೆ ಬರುವ ಬೆರಳುದ್ದದ ರಬ್ಬರ್ ಪೈಪು. ಅದರ ಬಾಯಿಗೆ ಗ್ರೀಸ್ ಬಿದ್ದ ಕೂಡಲೇ ಗುಳ್ಳೆಗಳು ಚೆದುರಿ ನಿಂತವು. ಗ್ರೀಸ್ ಒರೆಸಿದರು, ಮತ್ತೆ ಬಂದವು. ಆಮೇಲೆ ಚಹಾದ ಕಿಟ್ಲಿಯಲ್ಲಿ ಕಾಯಿಸಿದ ನೀರನ್ನು ಅದೇ ಪೈಪಿನ ಮೇಲೆ ಸಣ್ಣ ಧಾರೆಯಾಗಿ ಸುರಿದರು. ಎಂಜಿನ್ನಿನ ಕುಂಟು ನಿಂತಿತು. ಪೈಪಿನಲ್ಲಿ ಒಂದು ಗುಳ್ಳೆಯೂ ಇಲ್ಲ.

"ನೋಡ್ರಿ. ಹಳೇ ರಬ್ಬರು, ಥಂಡ್ಯಾಗ ಸೆಟದ ನಿಂತು ಬಾಯಿ ಬಿಡತೈತಿ. ಬೆಚ್ಚಗಾತು, ಮೆತ್ತಗಾತು, ಬಾಯಿ ಮುಚ್ಚಿಕೊಂತು. ಹೊರಗ ಒಂದ ಹನಿ ಸೋರೂದಿಲ್ಲ, ಯಾರಿಗೆ ಕಾಣಬೇಕು?"

ಫಕ್ಕೀರಪ್ಪ ಪಾರದರ್ಶಕ ಪೈಪನ್ನು ನೋಡುತ್ತ ನಿಂತಿದ್ದರು. ಮೌಲಾಸಾಬರು ಹೊಸ ರಬ್ಬರ್ ತುಂಡನ್ನು ಅಳತೆಗೆ ಕತ್ತರಿಸಿ ಕೈಗೆ ತೆಗೆದುಕೊಂಡಾಗ ಫಕ್ಕೀರಪ್ಪ ತಡೆದರು.

"ಹಾಕಬ್ಯಾಡ."

"ಏನು?"

"ರಿಪೇರಿ ಮಾಡಬ್ಯಾಡ. ಈಗ ನೀ ಹಾಕಿದಿ ಅಂದ್ರ ನಾಳಿಂದ ಗಾಡಿ ಛಲೋ ಓಡತೈತಿ. ಛಲೋ ಗಾಡಿ ನೋಡಿ ಏನಂತಾರ? ಮೆಮೊ ಕೊಟ್ಟ ಮ್ಯಾಲ ಮಗಾ ಸುದ್ದ ಆದ ಅಂತಾರ." ನನ್ನತ್ತ ತಿರುಗಿದರು. "ಅಕ್ಕಾರ, ಸಾಹೇಬ್ರನ್ನ ಇಲ್ಲಿಗೆ ಕರಸ್ರಿ. ನಾಳೆ ಮುಂಜಾನಿ. ಇದ ವ್ಯಾಳ್ಯಾಕ್ಕ. ಅವರ ಕೀಲಿ ತಿರುಗಿಸಲಿ."

ನನ್ನ ಫೋನಿನಲ್ಲಿ ವಿಡಿಯೋ ಇದೆ, ಅದನ್ನೇ ಕಳಿಸೋಣ ಎಂದೆ. ಮೂರು ಸಲ ಕಾಗದ ನಂಬಿದವರು ವಿಡಿಯೋ ನಂಬುತ್ತಾರೆಯೇ ಎಂದು ಅವರು ಕೇಳಲಿಲ್ಲ. ಮೌಲಾಸಾಬರ ಕೈಯಿಂದ ರಬ್ಬರ್ ತುಂಡು ತೆಗೆದು ಪಕ್ಕಕ್ಕೆ ಇಟ್ಟರು. ನಾನು ದೇಸಾಯರಿಗೆ ಫೋನ್ ಮಾಡಿದೆ.

"ಮುಂಜಾನೆ ಆರೂವರಿಗೆ? ಅಮರಗೋಳಕ್ಕ? ನಾನ್ಯಾಕ್ರಿ?"

"ಮೆಮೊ ಮೇಲೆ ನಿಮ್ಮ ಸಹಿ ಅದ ರೀ."

ಗಾಡಿ ಇನ್ನೊಂದು ದಿನ ವಸ್ತಿ ಉಳಿಯಿತು, ಬಂಡಲ್‌ಗಳನ್ನು ಮತ್ತೆ ವ್ಯಾನಿನವನೇ ಮುಟ್ಟಿಸಿದ. ಮರುದಿನ ದೇಸಾಯರು ಬಂದರು, ಮಂಗ್ಯಾನ ಟೊಪ್ಪಿಗೆಯೊಳಗಿಂದ ಮುಖ ಮಾತ್ರ ಕಾಣುತ್ತಿತ್ತು. ಮೆಣಸಿನ ಘಾಟಿಗೆ ನಾಲ್ಕು ಸಲ ಸೀನಿದರು. ಮೌಲಾಸಾಬರು ಮರ್ಯಾದೆಯಿಂದ ಗಾಡಿಯ ಬಾಗಿಲು ತೆಗೆದರು.

"ಕುಂಡ್ರರಿ ಸಾಹೇಬ್ರ. ಕೀಲಿ ಹಾಕಿ ಹೊಡೀರಿ."

ಹೊಡೆದರು. ಎಂಜಿನ್ ತಿರುಗಿತು, ಹಿಡಿಯಲಿಲ್ಲ.

"ಇನ್ನೊಮ್ಮೆ ಹೊಡೀರಿ. ನೀವು ಎದ್ದೀರಲ್ಲ? ಎದ್ದಿದ್ದು ಖರೇ ಹೌದಲ್ರಿ?"

"ಏ, ಮಿಸ್ತ್ರಿ..." ಎಂದರು ದೇಸಾಯರು, ಆದರೆ ಕೀಲಿ ಬಿಡಲಿಲ್ಲ. ಮೂರನೇ ಸಲ, ನಾಲ್ಕನೇ ಸಲ. ಆರನೆಯದಕ್ಕೆ ಬಿಳಿ ಹೊಗೆಯೊಂದಿಗೆ ಎಂಜಿನ್ ಎದ್ದಿತು. ಅವರನ್ನು ಕೆಳಗಿಳಿಸಿ ಗುಳ್ಳೆ ತೋರಿಸಿದರು. ಬಿಸಿ ನೀರು ಸುರಿದು ತೋರಿಸಿದರು. ದೇಸಾಯರು ಟೊಪ್ಪಿಗೆ ತೆಗೆದು ಹತ್ತಿರ ಬಗ್ಗಿ ನೋಡಿದರು. ಕಿಟ್ಲಿಯನ್ನು ತಾವೇ ಕೈಗೆ ತೆಗೆದುಕೊಂಡು ಇನ್ನೊಮ್ಮೆ ಸುರಿದರು. ಗುಳ್ಳೆ ನಿಂತಿತು.

"ಇಷ್ಟಕ್ಕ?" ಎಂದರು.

"ಇಷ್ಟಕ್ಕ ರೀ," ಎಂದರು ಫಕ್ಕೀರಪ್ಪ. ಆ ಮುಂಜಾನೆ ಅವರು ಆಡಿದ್ದು ಅದೊಂದೇ ಮಾತು.

ಹೊಸ ರಬ್ಬರ್ ಕೂಡಿಸಲು ಐದು ನಿಮಿಷ ಸಾಕಾಯಿತು.

ನಾನು ಆ ಮಧ್ಯಾಹ್ನ ಮುಖ್ಯ ಕಚೇರಿಗೆ ಒಂದು ಪುಟದ ವರದಿ ಬರೆದೆ. ಏನಾಗಿತ್ತು, ಎಲ್ಲಿ, ಯಾವಾಗ, ಯಾರು ನೋಡಿದರು. ನನ್ನ ಚೀಟಿಯಲ್ಲಿ 'ಯಾವಾಗ' ಬಿಟ್ಟುಹೋಗಿದ್ದನ್ನೂ ಬರೆದೆ. ಕೊನೆಯ ಸಾಲು: ಚಾಲಕ ಫಕ್ಕೀರಪ್ಪನವರ ಹೇಳಿಕೆ ಮೊದಲ ದಿನದಿಂದ ಸರಿಯಾಗಿತ್ತು. ದೇಸಾಯರು ಫೋನ್ ಮಾಡಿ ಆ ಸಾಲು ತೆಗೆಯಲು ಸಾಧ್ಯವೇ ಎಂದು ಕೇಳಿದರು, ಗಾಡಿ ರಿಪೇರಿ ಆಯಿತು ಎಂದಿದ್ದರೆ ಸಾಕಲ್ಲ ಎಂದರು. ಸುದ್ದಿಯೇ ಆ ಸಾಲು, ಉಳಿದದ್ದು ವಿವರ ಎಂದೆ.

ಎರಡು ದಿನಕ್ಕೆ ಪತ್ರ ಬಂತು. "ಗಾಡಿಯಲ್ಲಿ ದೋಷ ಕಂಡುಬಂದ ಹಿನ್ನೆಲೆಯಲ್ಲಿ ಚಾಲಕರ ವಿಳಂಬವನ್ನು ಮನ್ನಿಸಲಾಗಿದೆ." ಫಕ್ಕೀರಪ್ಪನ ಕೈಗೆ ಕೊಟ್ಟೆ, ಜೊತೆಗೆ ಕಚೇರಿಯಲ್ಲಿ ಇಡುತ್ತಿದ್ದ ಗಾಡಿಯ ಕೀಲಿಯನ್ನೂ. ಪತ್ರ ಓದಿದರು. ಎರಡನ್ನೂ ಮೇಜಿನ ಮೇಲೆ ಇಟ್ಟರು.

"ಮನ್ನಿಸಲಾಗಿದೆ ಅಂದ್ರ ಏನ್ರಿ ಅಕ್ಕಾರ? ಮಾಫಿ ಅಲ್ಲೇನ್ರಿ?"

"ಹೌದು."

"ಮಾಫಿ ಯಾರು ಕೇಳಿದ್ರು?"

"ಫಕ್ಕೀರಪ್ಪ, ಕೆಲಸ ಉಳೀತು. ಒಂದು ಶಬ್ದ ಅಷ್ಟ."

"ಹೌದ್ರಿ, ಒಂದ ಶಬ್ದ. ಅದನ್ನ ಬದಲಿ ಮಾಡೂತನಕ ನಾ ಕೀಲಿ ಮುಟ್ಟೂದಿಲ್ಲ. ಬಂಡಲ್‌ಗೆ ತ್ರಾಸ ಆಗಬಾರದು, ಮುಂಜಾನಿ ಬರ್ತೇನಿ. ಗಾಡಿ ನೀವು ಹೊಡೀರಿ."

ಹೀಗಾಗಿ ಮೂರು ಮುಂಜಾನೆ ಆ ಗಾಡಿಯನ್ನು ನಾನೇ ಓಡಿಸಿದೆ. ಅದು ಒಂದೇ ಸಲಕ್ಕೆ ಏಳುತ್ತಿತ್ತು. ಫಕ್ಕೀರಪ್ಪ ಪಕ್ಕದ ಸೀಟಿನಲ್ಲಿ ಮಫ್ಲರ್ ಸುತ್ತಿಕೊಂಡು ಕುಳಿತು, ಎದೆಯ ಮೇಲೆ ಕೈ ಕಟ್ಟಿ, "ಗೇರ್ ಇಳಸ್ರಿ", "ಎಮ್ಮಿ ಬಂತ್ರಿ" ಎನ್ನುತ್ತಿದ್ದರು. ಬಂಡಲ್‌ಗಳನ್ನು ತಾವೇ ಇಳಿಸುತ್ತಿದ್ದರು. ಕೆಲಗೇರಿಯ ಏರಿನಲ್ಲಿ ಹಾಲಿನ ಸೈಕಲ್ಲು ಸಿಕ್ಕಿತು. ಮೂರನೇ ಗೇರಿನಲ್ಲಿ ಅದನ್ನು ದಾಟುವಾಗ ಅವರು ಕಿಟಕಿಯ ಗಾಜು ಪೂರ್ತಿ ಇಳಿಸಿದರು. ತಣ್ಣನೆ ಗಾಳಿ ಒಳಗೆ ಬಂತು, ದಾಟಿದ ಮೇಲೆ ಗಾಜು ಏರಿಸಿದರು.

ಮೂರನೇ ದಿನ ದೇಸಾಯರು ಫೋನ್ ಮಾಡಿದರು. "ಒಂದು ಶಬ್ದಕ್ಕ ಇಷ್ಟ್ಯಾಕ್ರಿ ಹಟ? ಅವನಿಗೆ ಕೊಡ್ರಿ ಫೋನು."

ಫಕ್ಕೀರಪ್ಪ ಫೋನು ಹಿಡಿದು ಎದ್ದು ನಿಂತೇ ಮಾತಾಡಿದರು. "ಸಾಹೇಬ್ರ, ನಮ್ಮದು ಶಬ್ದದ ವ್ಯಾಪಾರ ಅಲ್ಲೇನ್ರಿ? ಶಬ್ದ ಹೊತ್ತುಕೊಂಡನ ನಾ ದಿನಾ ಅಳ್ನಾವರಕ್ಕ ಹೋಗೂದು."

ಸಂಜೆಗೆ ಹೊಸ ಪತ್ರ ಬಂತು. "ಎರಡೂ ಮೆಮೊಗಳನ್ನು ರದ್ದುಪಡಿಸಲಾಗಿದೆ. ಚಾಲಕರ ಹೇಳಿಕೆ ಸರಿಯಾಗಿತ್ತು." ಫಕ್ಕೀರಪ್ಪ ಅದನ್ನು ಎರಡು ಸಲ ಓದಿದರು, ಮಡಚದೆ ಅಂಗಿಯ ಒಳಗೆ ನೇರವಾಗಿ ಇಟ್ಟುಕೊಂಡರು. ಮೇಜಿನಿಂದ ಕೀಲಿ ಎತ್ತಿಕೊಂಡರು. "ನಿಮ್ಮ ಕ್ಲಚ್ ಕಾಲು ಭಾಳ ಖರಾಬ್ ಐತ್ರಿ ಅಕ್ಕಾರ," ಎಂದು ಹೊರಗೆ ಹೋದರು.

ನಾನು ಈಗ ಆ ಕಚೇರಿಯಲ್ಲಿಲ್ಲ. ಆ ಗಾಡಿಯನ್ನೂ ಮಾರಿದ್ದಾರೆ. ಫಕ್ಕೀರಪ್ಪ ಹೊಸದನ್ನು ಓಡಿಸುತ್ತಿದ್ದಾರೆ. ಈಗ ಸರ್ವಿಸಿಗೆ ಕೊಡುವ ಮುಂಚಿನ ಸಂಜೆಯೇ ಗಾಡಿ ಒಯ್ದು ಅಲ್ಲಿ ವಸ್ತಿ ಬಿಟ್ಟು ಬರುತ್ತಾರಂತೆ. ತೊಳೆಯದೆ.

ಕೆರೆಯ ದಂಡೆಯ ಆ ಚಾಲಕ ಫೋನು ಇಟ್ಟು ಗಾಡಿಯೊಳಗೆ ಕುಳಿತು ಎಕ್ಸಿಲರೇಟರ್ ಒತ್ತತೊಡಗಿದ್ದ, ಬೆಚ್ಚಗೆ ಮಾಡಲು. ನಾನು ಕಿಟಕಿಯ ಹತ್ತಿರ ಹೋದೆ.

"ಬಿಸಿ ಮಾಡಬ್ಯಾಡ್ರಿ. ಬಂದ್ ಮಾಡ್ರಿ."

ವಾಕಿಂಗಿಗೆ ಬಂದ ಹೆಂಗಸಿಗೆ ಇವನ ಎಂಜಿನ್ನಿನ ಉಸಾಬರಿ ಯಾಕೆ ಎಂದು ಅವನ ಮುಖ ಕೇಳಿತು. "ಮಾಲಕರು ಬೈಯಾಕತ್ತಾರ್ರಿ. ಮಲಕೊಂಡಿದ್ದಿ, ಸುಳ್ಳ ಹೇಳ್ತಿ ಅಂತಾರ."

"ಈಗ ಹೋಗ್ಲಿ. ನಾಳೆ ಮುಂಜಾನೆ ಆರಕ್ಕ ಬಂದು ನಿಮ್ಮ ಕೈಲೇನ ಕೀಲಿ ತಿರುಗಿಸ್ರಿ ಅಂತ ಮಾಲಕರಿಗೆ ಹೇಳ್ರಿ. ಅಲ್ಲೀತನಕ ಗಾಡಿ ಮುಟ್ಟಬ್ಯಾಡ್ರಿ."

"ಅವ್ರ ಬರೂದಿಲ್ರಿ ಅಕ್ಕಾರ, ಆರಕ್ಕ."

"ಬರೂದಿಲ್ಲ ಅಂದ್ರ ಸುಳ್ಳು ಅನ್ನೂ ಹಕ್ಕೂ ಇಲ್ಲ. ಅದನ್ನೂ ಹೇಳ್ರಿ."

ಅವನು ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದ. ಬಿಳಿ ಹೊಗೆ ಕೆರೆಯ ಮೇಲಿನ ಮಂಜಿನೊಳಗೆ ಸೇರಿಹೋಯಿತು. ಅವನು ಕೆಳಗಿಳಿದು, ಅಂಗಿಯ ಕಾಲರ್ ಸರಿಮಾಡಿಕೊಂಡು, ಫೋನು ಮತ್ತೆ ಕಿವಿಗೆ ಹಚ್ಚಿದ.